ಸ್ಟ್ರೇಟ್‌ನ ಕೊನೆಗೆ ಕಲ್ಲುಗೋಡೆ ಇದೆ, ಶಿಕೇನ್ ಹಾಕಿದರೆ ಸಾಕಾ?

ಚಿಂಚವಾಡದ ಮಂಜು

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಚಿಂಚವಾಡದಲ್ಲಿ ಇದ್ದೇನೆ, ಊರು ದಾವಣಗೆರೆ. ಚಾಕಣದ ಕಡೆ ಗಾಡಿಯ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ರೇಸ್ ಹುಚ್ಚು ಚಿಕ್ಕಂದಿನಿಂದ ಇದೆ. ಇಷ್ಟು ದಿನ ಟಿವಿಯಲ್ಲಿ ನೋಡಿ ಮಾತಾಡಿಕೊಂಡಿದ್ದೆ. ಈಗ ನಿಜವಾದ ಕೆಲಸವೇ ಕೈಗೆ ಬಂದಿದೆ, ತಪ್ಪು ಮಾಡಿದರೆ ಯಾರಿಗಾದರೂ ಪೆಟ್ಟಾಗುತ್ತದೆ ಅನ್ನುವ ಭಯದಿಂದ ಕೇಳುತ್ತಿದ್ದೇನೆ.

ತಳೇಗಾಂವ್ ಆಚೆ ನನ್ನ ಗೆಳೆಯನ ಮನೆಯವರದ್ದು ಒಂದು ಚಿಕ್ಕ ಟ್ರ್ಯಾಕ್ ಇದೆ. ಸುಮಾರು 900 ಮೀಟರ್ ಉದ್ದ, 7 ಮೀಟರ್ ಅಗಲ. ಹನ್ನೆರಡು ವರ್ಷದ ಹಿಂದೆ ಹೊಲದಲ್ಲೇ ಡಾಂಬರು ಹಾಕಿಸಿ ಮಾಡಿದ್ದು. ವಾರವಿಡೀ ಬಾಡಿಗೆ ಗೋ-ಕಾರ್ಟ್, ಭಾನುವಾರ ಬೆಳಗ್ಗೆ ಬೈಕ್‌ನವರು ಬರುತ್ತಾರೆ.

ಟ್ರ್ಯಾಕ್ ಹೇಗಿದೆ ಅಂತ ಹೇಳುತ್ತೇನೆ, ಮನಸ್ಸಲ್ಲೇ ಚಿತ್ರ ಬಿಡಿಸಿಕೊಳ್ಳಿ. ಗಾಡಿಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ. ಪಶ್ಚಿಮದ ಬದಿಯಲ್ಲಿ ಉತ್ತರಕ್ಕೆ ಹೋಗುವ ಸ್ಟ್ರೇಟ್, ಅಂದರೆ ತಿರುವಿಲ್ಲದ ನೇರ ದಾರಿ, ಸುಮಾರು 180 ಮೀಟರ್. ಕೊನೆಯಲ್ಲಿ ಬಲಕ್ಕೆ ತಿರುವು. ಆ ತಿರುವಿನ ಆಚೆ ಬರೀ 11 ಮೀಟರ್ ಜಾಗ, ಆಮೇಲೆ ಕಲ್ಲುಗೋಡೆ. ಗೋಡೆ ಹಿಂದಕ್ಕೆ ಸರಿಸೋಣ ಅಂದರೆ ಅದರ ಬೆನ್ನಿಗೇ ಹಳ್ಳ. ಮಳೆಗಾಲದಲ್ಲಿ ತುಂಬಿ ಹರಿಯುತ್ತದೆ, ಮಣ್ಣು ಕುಸಿಯದಿರಲಿ ಅಂತಲೇ ಆ ಗೋಡೆ ಕಟ್ಟಿದ್ದು. ಗೋಡೆಯ ಮುಂದೆ ಹಳೇ ಟೈರ್ ಪೇರಿಸಿಟ್ಟಿದ್ದಾರೆ, ಒಂದಕ್ಕೊಂದು ಕಟ್ಟಿಲ್ಲ. ದಕ್ಷಿಣದ ತುದಿಯಲ್ಲಿ ಮಾತ್ರ 70 ಮೀಟರ್ ಖಾಲಿ ಜಾಗ, ಸ್ವಲ್ಪ ಏರು.

ಹೋದ ಜೂನ್‌ನಲ್ಲಿ ನನ್ನ ತಮ್ಮ ಅಲ್ಲಿ ಬಿದ್ದ. ಹನಿ ಮಳೆ ಇತ್ತು. ಬ್ರೇಕ್ ಹಿಡಿಯಲಿಲ್ಲ, ನೇರ ಟೈರ್‌ಗೆ ಗುದ್ದಿದ, ಕಾರ್ಟ್ ಪುಟಿದು ವಾಪಸ್ ಟ್ರ್ಯಾಕ್ ಮೇಲೆ ಬಂತು. ಹಿಂದೆ ಬರುತ್ತಿದ್ದ ಹುಡುಗಿ ಹೇಗೋ ತಪ್ಪಿಸಿದಳು. ತಮ್ಮನ ಕಾಲರ್ ಬೋನ್ ಮುರಿಯಿತು, ಅಷ್ಟಕ್ಕೇ ಮುಗಿಯಿತು. ಆದರೆ ಆ ಹುಡುಗಿ ಅರ್ಧ ಸೆಕೆಂಡ್ ತಡ ಮಾಡಿದ್ದರೆ ಅನ್ನುವುದು ಈಗಲೂ ತಲೆಯಿಂದ ಹೋಗಿಲ್ಲ.

ಗೆಳೆಯನ ಅಪ್ಪ ಒಳ್ಳೆಯವರು. ಪೂರ್ತಿ ಸರಿ ಮಾಡಿಸೋಣ, ನೀನೇ ಮುಂದೆ ನಿಂತು ಮಾಡಿಸು ಅಂದರು. ಕಾಂಟ್ರಾಕ್ಟರ್ ಬಂದು ನೋಡಿ, ಗೋಡೆಗೆ ಮುಂಚೆ ಒಂದು ಶಿಕೇನ್ (ವೇಗ ಇಳಿಸಲು ಹಾಕುವ ಅಂಕುಡೊಂಕು ತಿರುವು) ಹಾಕಿಬಿಡಿ, ಹದಿನೈದು ದಿನದ ಕೆಲಸ, ವೇಗ ಕಡಿಮೆಯಾದರೆ ಗೋಡೆಯ ಚಿಂತೆ ಇಲ್ಲ ಅಂದ. ಇದು ಸರಿಯಾ? ದೊಡ್ಡ ಸರ್ಕ್ಯೂಟ್‌ಗಳನ್ನು ಸರಿ ಮಾಡುವಾಗ ಏನು ನೋಡುತ್ತಾರೆ? ಅದರಲ್ಲಿ ನಮ್ಮಂಥ ಚಿಕ್ಕ ಟ್ರ್ಯಾಕ್‌ಗೆ ಯಾವುದು ಹೊಂದುತ್ತದೆ? ಮಳೆಗೆ ಮುಂಚೆ ಮುಗಿಸಬೇಕು.

ಡೊಂಬಿವಲಿ ಕುಂದಾಪ್ರದವ

ಮಂಜು ಅವರೇ, ತಮ್ಮ ಈಗ ಆರಾಮಾಗಿದ್ದಾನೆ ಅಂದುಕೊಳ್ಳುತ್ತೇನೆ. ನಾನು ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕ್‌ನಲ್ಲಿ ಕೆಲವು ಸಲ ಮಾರ್ಷಲ್ ಆಗಿ ಬಾವುಟ ಹಿಡಿದು ನಿಂತಿದ್ದೇನೆ. ಇಂಜಿನಿಯರ್ ಅಲ್ಲ. ಟ್ರ್ಯಾಕ್ ಪಕ್ಕ ನಿಂತವನಿಗೆ ಕಾಣುವುದನ್ನು ಹೇಳುತ್ತೇನೆ.

ನಿಮ್ಮ ತಮ್ಮನಿಗೆ ಆದದ್ದರಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಗೋಡೆ ಅಲ್ಲ ಮಾರಾಯ್ರೆ, ಪುಟಿದು ವಾಪಸ್ ಬಂದದ್ದು. 2019ರ ಆಗಸ್ಟ್ 31ರಂದು ಬೆಲ್ಜಿಯಂನ ಸ್ಪಾ ಸರ್ಕ್ಯೂಟ್‌ನಲ್ಲಿ ಫಾರ್ಮುಲಾ 2 ರೇಸ್ ನಡೆಯುವಾಗ ಆಂಟ್ವಾನ್ ಯೂಬೆರ್ ತೀರಿಕೊಂಡದ್ದು ಇದೇ ರೀತಿ. ರೈದಿಯೋನ್ ಏರಿನ ಮೇಲೆ ಕಾರು ಬ್ಯಾರಿಯರ್‌ಗೆ ಬಡಿದು ವಾಪಸ್ ತಿರುಗಿ ಬಂತು, ಹಿಂದಿನಿಂದ ಬಂದ ಇನ್ನೊಂದು ಕಾರು ಅದಕ್ಕೇ ಗುದ್ದಿತು. ಏರಿನ ಮೇಲೆ ಏನಿದೆ ಅಂತ ಕೆಳಗಿನಿಂದ ಬರುವವನಿಗೆ ಕಾಣುವುದೇ ಇಲ್ಲ. 2022ಕ್ಕೆ ಅಲ್ಲಿ ರನ್-ಆಫ್ ಜಾಗ, ಅಂದರೆ ತಪ್ಪಿದ ಗಾಡಿ ಹೋಗಲು ಟ್ರ್ಯಾಕ್ ಆಚೆ ಬಿಡುವ ಖಾಲಿ ಜಾಗ, ದೊಡ್ಡದು ಮಾಡಿದರು, ಬ್ಯಾರಿಯರ್ ದೂರ ಸರಿಸಿದರು, ತಿರುವನ್ನು ಹಾಗೇ ಬಿಟ್ಟರು.

ಆದ್ದರಿಂದ ಟೈರ್‌ಗಳನ್ನು ಇವತ್ತೇ ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿಸಿ. ಮುಂದುಗಡೆ ಕನ್ವೇಯರ್ ಬೆಲ್ಟ್ ಹೊದಿಸಿ. ಚಾಕಣದಲ್ಲಿ ಇದ್ದೀರಿ, ಕಾರ್ಖಾನೆಗಳ ಹಳೇ ಬೆಲ್ಟ್ ಗುಜರಿಯಲ್ಲಿ ಸಿಗುತ್ತದೆ. ಬಿಡಿ ಟೈರ್ ಇದ್ದರೆ ಗಾಡಿಯ ಮೂತಿ ಅದರ ಸಂದಿಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ, ಇಲ್ಲ ಟೈರ್ ಹಾರಿ ಟ್ರ್ಯಾಕ್‌ಗೆ ಬರುತ್ತದೆ. ಬೆಲ್ಟ್ ಇದ್ದರೆ ಗಾಡಿ ಜಾರಿಕೊಂಡು ಹೋಗುತ್ತದೆ. ಕೆಳಗೆ ಸಂದಿ ಬಿಡಬೇಡಿ. 2015ರಲ್ಲಿ ರಷ್ಯಾದ ಸೋಚಿಯಲ್ಲಿ ಕಾರ್ಲೋಸ್ ಸೈನ್ಸ್ ಅವರ ಫಾರ್ಮುಲಾ 1 (ಎಫ್1) ಕಾರು ಬ್ಯಾರಿಯರ್‌ನ ಅಡಿಗೇ ನುಗ್ಗಿಬಿಟ್ಟಿತ್ತು, ಮೇಲಿನದೆಲ್ಲ ಅವರ ತಲೆ ಮೇಲೆ. ಕಾರ್ಟ್ ಅದಕ್ಕಿಂತ ಚಿಕ್ಕದು.

ಇನ್ನೊಂದು ಮಾತು. ಎಲ್ಲರೂ ಗೋಡೆ, ಡಾಂಬರು ಅಂತ ದುಡ್ಡು ಹಾಕುತ್ತಾರೆ, ನಿಂತಿರುವ ಮನುಷ್ಯನನ್ನು ಮರೆಯುತ್ತಾರೆ. 1973ರಲ್ಲಿ ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ ರೋಜರ್ ವಿಲಿಯಮ್ಸನ್ ಕಾರು ತಲೆಕೆಳಗಾಗಿ ಬೆಂಕಿ ಹತ್ತಿಕೊಂಡಿತು. ಇನ್ನೊಬ್ಬ ಡ್ರೈವರ್ ಡೇವಿಡ್ ಪರ್ಲಿ ತನ್ನ ರೇಸ್ ಬಿಟ್ಟು ಓಡಿ ಬಂದು ಒಬ್ಬನೇ ಆ ಕಾರನ್ನು ಎತ್ತಲು ನೋಡಿದರು. ಪಕ್ಕದಲ್ಲಿದ್ದ ಮಾರ್ಷಲ್‌ಗಳಿಗೆ ಬೆಂಕಿ ತಡೆಯುವ ಬಟ್ಟೆ ಇರಲಿಲ್ಲ, ಹತ್ತಿರ ಹೋಗಲು ಆಗಲಿಲ್ಲ. ವಿಲಿಯಮ್ಸನ್ ಉಳಿಯಲಿಲ್ಲ. 2020ರಲ್ಲಿ ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಕಾರು ಗಂಟೆಗೆ 192 ಕಿಮೀ ವೇಗದಲ್ಲಿ ಗಾರ್ಡ್ ರೇಲ್ ಸೀಳಿಕೊಂಡು ಹೋಗಿ ಉರಿಯಿತು. ಸುಮಾರು 27 ಸೆಕೆಂಡ್‌ನಲ್ಲಿ ಅವರು ಹೊರಗೆ ಬಂದರು. ಅಷ್ಟರಲ್ಲಿ ಮೆಡಿಕಲ್ ಕಾರು ಅಲ್ಲಿತ್ತು, ಡಾಕ್ಟರ್ ಇಯಾನ್ ರಾಬರ್ಟ್ಸ್ ಬೆಂಕಿಯ ಹತ್ತಿರವೇ ಇದ್ದರು, ಮಾರ್ಷಲ್ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ನಾನು ಆ ಎರಡು ವಿಡಿಯೋಗಳನ್ನು ಒಂದೇ ದಿನ ನೋಡಿದೆ, ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮಲ್ಲಿ ಎಷ್ಟು ಜನ ನಿಲ್ಲುತ್ತಾರೆ? ಎಲ್ಲಿ ನಿಲ್ಲುತ್ತಾರೆ? ಒಬ್ಬರಿಂದ ಇನ್ನೊಬ್ಬರಿಗೆ ಬಾವುಟ ಕಾಣುತ್ತದಾ? ಯಾರಾದರೂ ಬಿದ್ದಾಗ ಉಳಿದ ಎಲ್ಲ ಕಾರ್ಟ್‌ಗಳ ವೇಗ ಒಂದೇ ಗುಂಡಿಯಿಂದ ಇಳಿಸುವ ರಿಮೋಟ್ ವ್ಯವಸ್ಥೆ ಬಾಡಿಗೆ ಕಾರ್ಟ್‌ಗಳಿಗೆ ಸಿಗುತ್ತದೆ, ಅದನ್ನು ಮೊದಲು ಹಾಕಿಸಿ. ಮತ್ತೆ ಉದ್ದ ಜಡೆ, ದುಪಟ್ಟಾ, ಸ್ಕಾರ್ಫ್ ಕಟ್ಟದೆ ಯಾರನ್ನೂ ಕೂರಿಸಬೇಡಿ. ಇದರಲ್ಲಿ ಮುಲಾಜು ಬೇಡ.

ಠಾಣೆ ರೇಸ್‌ಪ್ರೇಮಿ

ಶಿಕೇನ್ ಬೇಡವೇ ಬೇಡ. ದಯವಿಟ್ಟು. ಒಂದು ಒಳ್ಳೆ ಸ್ಟ್ರೇಟ್ ಹಾಳಾಗುತ್ತದೆ, ಅದರ ಜೊತೆ ಹೊಸ ಅಪಾಯವೂ ಬರುತ್ತದೆ.

ನೋಡಿ, 1994ರಲ್ಲಿ ಇಟಲಿಯ ಇಮೋಲಾದಲ್ಲಿ ಏಪ್ರಿಲ್ 30ಕ್ಕೆ ಎಫ್1 ಡ್ರೈವರ್ ರಾಟ್ಜೆನ್‌ಬರ್ಗರ್, ಮರುದಿನ ಸೆನ್ನಾ ಗೋಡೆಗೆ ಗುದ್ದಿ ತೀರಿಕೊಂಡರು. ಸೆನ್ನಾ ಗುದ್ದಿದ ಟಂಬುರೆಲ್ಲೋ ತಿರುವಿನ ಗೋಡೆಯ ಹಿಂದೆ ಸಾಂಟೆರ್ನೋ ನದಿ ಇದೆ, ನಿಮ್ಮ ಹಳ್ಳದ ಹಾಗೆಯೇ. ಅದೇ ಜಾಗದಲ್ಲಿ 1989ರಲ್ಲಿ ಬೆರ್ಗರ್ ಕಾರು ಗುದ್ದಿ ಬೆಂಕಿ ಹತ್ತಿತ್ತು, ಆಗಲೇ ಎಲ್ಲರಿಗೂ ಗೊತ್ತಿತ್ತು. ಗೋಡೆ ಸರಿಸಲು ಆಗದು ಅಂತ ಐದು ವರ್ಷ ಸುಮ್ನೆ ಬಿಟ್ಟರು. 1995ಕ್ಕೆ ಅಲ್ಲಿ ಶಿಕೇನ್ ಬಂತು. ಅಲ್ಲಿ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ.

ಆದರೆ 1994ರಲ್ಲೇ ಆ ಸಾವುಗಳ ಗಾಬರಿಯಲ್ಲಿ ಎಲ್ಲ ಕಡೆ ಶಿಕೇನ್ ಹಾಕಿದರು. ಬಾರ್ಸಿಲೋನಾದಲ್ಲಿ ಟ್ರ್ಯಾಕ್ ಮಧ್ಯೆ ಟೈರ್ ಪೇರಿಸಿ ಮಾಡಿದರು. ಸ್ಪಾದಲ್ಲಿ ಓ ರೂಜ್ ತಿರುವಿಗೇ ಹಾಕಿದರು, ಮುಂದಿನ ವರ್ಷ ತೆಗೆದರು. ಬಾರ್ಸಿಲೋನಾದ ಕೊನೆಯ ತಿರುವುಗಳಿಗೆ 2007ರಲ್ಲಿ ಒಂದು ಶಿಕೇನ್ ಬಂತು, 2023ರಲ್ಲಿ ಎಫ್1 ಅದನ್ನು ಬಿಟ್ಟು ಹಳೇ ದಾರಿಗೆ ವಾಪಸ್ ಹೋಯಿತು. ಹದಿನಾರು ವರ್ಷ ಯಾರಿಗೂ ಅದು ಇಷ್ಟವಾಗಿರಲಿಲ್ಲ.

ಝಾಂಡ್‌ವೂರ್ಟ್ ನೋಡಿ. ಸುತ್ತ ಮರಳು ದಿಬ್ಬ, ಅಗಲ ಮಾಡಲು ಜಾಗವೇ ಇಲ್ಲ. ಎಫ್1 ವಾಪಸ್ ಕರೆಯಬೇಕು ಅಂದಾಗ ಅವರು ಎರಡು ತಿರುವುಗಳನ್ನು ಬಟ್ಟಲಿನ ಹಾಗೆ ಓರೆ ಮಾಡಿದರು, ಕೊನೆಯ ತಿರುವು ಸುಮಾರು 18 ಡಿಗ್ರಿ ಇದೆ. ಟ್ರ್ಯಾಕ್ ಮೊದಲಿಗಿಂತ ಚೆನ್ನಾಗಿ ಆಯಿತು. ಮನಸ್ಸು ಮಾಡಿದರೆ ದಾರಿ ಸಿಗುತ್ತದೆ ಅಲ್ವಾ?

ಕಾರ್ಟ್‌ಗೆ ಶಿಕೇನ್ ಹಾಕಿದರೆ ಇನ್ನೂ ಕೆಟ್ಟದ್ದು. ಮೊದಲ ಸಲ ಓಡಿಸುವ ಹುಡುಗರು ಆ ಸಂದಿಗೆ ಮೂರು ಮೂರು ಜನ ನುಗ್ಗುತ್ತಾರೆ. ಚಕ್ರಕ್ಕೆ ಚಕ್ರ ಹತ್ತಿದರೆ ಕಾರ್ಟ್ ಮೇಲೆ ಹಾರುತ್ತದೆ. ಈಗ ಗೋಡೆ ಹತ್ತಿರ ಆಗುವುದು ಅಲ್ಲಿ ಆಗುತ್ತದೆ, ಅಷ್ಟೇ.

ಎರೆಮಣ್ಣು

ಮಂಜು, ನಾನು ಸಿವಿಲ್ ಇಂಜಿನಿಯರ್. ಊರು ಬಾಗಲಕೋಟೆ, ಇರುವುದು ಪುಣೆಯ ಕೋಥ್ರುಡ್. ಕೆಲಸ ರಸ್ತೆಯದ್ದು, ರೇಸ್ ಟ್ರ್ಯಾಕ್ ಕಟ್ಟಿಲ್ಲ. ಆದರೆ ಗಾಡಿ ರಸ್ತೆ ಬಿಟ್ಟು ಹೋದಾಗ ಏನಾಗುತ್ತದೆ ಅನ್ನುವ ಲೆಕ್ಕ ಎರಡಕ್ಕೂ ಒಂದೇ.

ಮೊದಲು ಒಂದು ಸರಳ ಲೆಕ್ಕ. ಸ್ಟ್ರೇಟ್ ಕೊನೆಗೆ ಕಾರ್ಟ್ 80 ಕಿಮೀ ವೇಗದಲ್ಲಿದೆ ಅಂದುಕೊಳ್ಳಿ. ಒಣ ಡಾಂಬರಿನ ಮೇಲೆ ಬಾಡಿಗೆ ಕಾರ್ಟ್‌ನ ಬ್ರೇಕ್‌ಗೆ 0.6 ಜಿ (ಭೂಮಿಯ ಸೆಳೆತದ 0.6 ಪಾಲು) ಹಿಡಿದರೆ ನಿಲ್ಲಲು ಸುಮಾರು 42 ಮೀಟರ್ ಬೇಕು. ಒದ್ದೆಯಾಗಿದ್ದು ಹಿಡಿತ ಅರ್ಧ ಆದರೆ 84 ಮೀಟರ್. ನಿಮ್ಮಲ್ಲಿ ತಿರುವಿನಿಂದ ಗೋಡೆಗೆ 11 ಇದೆ. ಬ್ರೇಕ್ ಟ್ರ್ಯಾಕ್ ಮೇಲೆಯೇ ಶುರುವಾಗುತ್ತದೆ, ಸರಿ. ಆದರೆ ಬ್ರೇಕ್ ತಡವಾಗಿ ಹಾಕಿದವನಿಗೆ, ಇಲ್ಲ ಬ್ರೇಕ್ ಕೈಕೊಟ್ಟವನಿಗೆ 11 ಮೀಟರ್ ಏನೂ ಅಲ್ಲ. ವೇಗ 60ಕ್ಕೆ ಇಳಿಸಿದರೂ ಒದ್ದೆಯಲ್ಲಿ 47 ಮೀಟರ್ ಬೇಕು. ಶಿಕೇನ್ ಹಾಕಿದ ಮೇಲೂ ಗೋಡೆ ಹಾಗೇ ಎದುರಿಗೆ ಇರುತ್ತದೆ ಅನ್ನುವುದು ಇದರಲ್ಲೇ ಕಾಣುತ್ತದೆ.

ಎರಡನೆಯದು ಕೋನ. ಇದನ್ನು ಯಾರೂ ಹೇಳುವುದಿಲ್ಲ. ಗೋಡೆಗೆ ನೇರ ಗುದ್ದಿದರೆ ಪೂರ್ತಿ 80ರ ಪೆಟ್ಟು. 15 ಡಿಗ್ರಿ ಓರೆಯಲ್ಲಿ ಸವರಿದರೆ ಗೋಡೆಯ ಕಡೆಗೆ ಇರುವ ವೇಗ 21 ಕಿಮೀ ಮಾತ್ರ. ಉಳಿದದ್ದು ಗೋಡೆಯ ಉದ್ದಕ್ಕೂ ಜಾರುವುದರಲ್ಲಿ ಹೋಗುತ್ತದೆ. ಗೋಡೆ ಎಷ್ಟು ದೂರ ಇದೆ ಅನ್ನುವಷ್ಟೇ ಮುಖ್ಯ ಅದು ಯಾವ ಕಡೆಗೆ ಮುಖ ಮಾಡಿದೆ ಅನ್ನುವುದು.

ಈಗ ನನ್ನ ಸಲಹೆ. ನಿಮ್ಮ ಟ್ರ್ಯಾಕನ್ನು ಉಲ್ಟಾ ಓಡಿಸಿ.

ಕಾಗದದ ಮೇಲೆ ಬಿಡಿಸಿ ನೋಡಿ. ಗಡಿಯಾರಕ್ಕೆ ವಿರುದ್ಧ ಸುತ್ತಿದರೆ ಸ್ಟ್ರೇಟ್ ದಕ್ಷಿಣಕ್ಕೆ ಹೋಗುತ್ತದೆ. ಕೊನೆಗೆ ನಿಮ್ಮ ಆ 70 ಮೀಟರ್ ಖಾಲಿ ಜಾಗ, ಅದೂ ಏರು. ಬ್ರೇಕ್‌ಗೆ ಏರು ಒಳ್ಳೆಯದೇ. ಉತ್ತರದ ಗೋಡೆಯ ಹತ್ತಿರ ಗಾಡಿ ಪೂರ್ವದಿಂದ ಪಶ್ಚಿಮಕ್ಕೆ ಬಂದು ಎಡಕ್ಕೆ ತಿರುಗುತ್ತದೆ. ಅಂದರೆ ಗೋಡೆ ಎದುರಿಗೆ ಬರುವುದಿಲ್ಲ, ಬಲಗಡೆ ಪಕ್ಕದಲ್ಲಿ ಇರುತ್ತದೆ. ಅಲ್ಲಿ ವೇಗ 45 ಇದ್ದು 15 ಡಿಗ್ರಿಯಲ್ಲಿ ಸವರಿದರೆ ಪೆಟ್ಟು 12 ಕಿಮೀಯದ್ದು. ಒಂದು ಇಟ್ಟಿಗೆಯನ್ನೂ ಸರಿಸದೆ ಇಷ್ಟು ಲಾಭ. ಆದರೆ ಈ ತಿರುವಿನಲ್ಲಿ ತಪ್ಪಿದವನು ಪಶ್ಚಿಮಕ್ಕೆ ಹೋಗುತ್ತಾನೆ. ಅಲ್ಲಿ ಏನಿದೆ ಅಂತ ನೀವು ಬರೆದಿಲ್ಲ.

ಉಲ್ಟಾ ಮಾಡುವಾಗ ಬರೀ ಬಾಣದ ಗುರುತು ಬದಲಿಸಿ ಬಿಡಬೇಡಿ. ಗಾರ್ಡ್ ರೇಲ್ ಇದ್ದರೆ ಅದರ ಜೋಡಣೆ ನೋಡಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವಾಗ ಗಮನಿಸಿ, ಒಂದು ತಗಡಿನ ತುದಿ ಮುಂದಿನದರ ಮೇಲೆ ಬರುವ ಹಾಗೆ, ಗಾಡಿ ಹೋಗುವ ದಿಕ್ಕಿಗೆ ಹೊಂದಿಸಿ ಹಾಕಿರುತ್ತಾರೆ. ದಿಕ್ಕು ತಿರುಗಿದರೆ ಆ ತುದಿಗಳು ಗಾಡಿಗೆ ಎದುರಾಗಿ ನಿಲ್ಲುತ್ತವೆ. ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಬ್ಯಾರಿಯರ್‌ನಲ್ಲಿ ಬಿಟ್ಟಿರುವ ಬಾಗಿಲು, ಸಂದಿ, ಮಾರ್ಷಲ್ ನಿಲ್ಲುವ ಜಾಗ ಎಲ್ಲ ಹೊಸದಾಗಿ ಯೋಚಿಸಬೇಕು. ಪಿಟ್‌ನಿಂದ (ಗಾಡಿಗಳು ನಿಲ್ಲುವ ಜಾಗ) ಹೊರಬರುವ ದಾರಿ ಈಗ ಒಳಬರುವ ದಾರಿ ಆಗುತ್ತದೆ, ಅದನ್ನಂತೂ ಮರೆಯಬೇಡಿ.

ಆಮೇಲೆ ನೀರು. ದಕ್ಷಿಣದ ಜಾಗ ಏರು ಅಂದಿರಿ. ಮಳೆ ಬಂದರೆ ಆ ನೀರೆಲ್ಲ ಇಳಿದು ಸರಿಯಾಗಿ ಬ್ರೇಕ್ ಹಾಕುವ ಜಾಗಕ್ಕೇ ಬರುತ್ತದೆ. ಏರಿನ ಬುಡದಲ್ಲಿ ಅಡ್ಡಕ್ಕೆ ಒಂದು ಚರಂಡಿ ತೆಗೆದು, ಮೇಲೆ ಗಟ್ಟಿ ಜಾಲರಿ ಮುಚ್ಚಿ, ನೀರನ್ನು ಪಕ್ಕಕ್ಕೆ ತಿರುಗಿಸಿ ಹಳ್ಳಕ್ಕೆ ಬಿಡಿ. ತೆರೆದ ಚರಂಡಿ ಇಟ್ಟರೆ ಕಾರ್ಟ್ ಅದರಲ್ಲೇ ಬೀಳುತ್ತದೆ. ನಿಮ್ಮಲ್ಲಿ ಕರಿ ಮಣ್ಣು ಇದ್ದರೆ ಇನ್ನೂ ಎಚ್ಚರ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ನೇರ ಡಾಂಬರು ಹಾಕಿದರೆ ಎರಡು ಮಳೆಗಾಲಕ್ಕೆ ಅಲೆ ಅಲೆ ಆಗುತ್ತದೆ. ನಮ್ಮ ಊರ ರಸ್ತೆಗಳಲ್ಲಿ ಹುಟ್ಟಿದಾಗಿನಿಂದ ನೋಡಿದ್ದೇನೆ. ರಸ್ತೆಯಲ್ಲಿ ಅಲೆ ಇದ್ದರೆ ಬೆನ್ನು ನೋಯುತ್ತದೆ, ಟ್ರ್ಯಾಕ್‌ನಲ್ಲಿ ಅಲೆ ಇದ್ದರೆ ಬ್ರೇಕ್ ಹಾಕುವಾಗ ಚಕ್ರ ನೆಲ ಬಿಡುತ್ತದೆ. ಮಣ್ಣು ತೆಗೆದು ಮುರುಮ್ (ಗರಸು ಮಣ್ಣು) ತುಂಬಿಸಿ ಗಟ್ಟಿ ಮಾಡಿಸಿ, ಆಮೇಲೆ ಜಲ್ಲಿ, ಆಮೇಲೆ ಡಾಂಬರು.

ದೊಡ್ಡ ಸರ್ಕ್ಯೂಟ್‌ಗಳ ನಿಯಮ ಕೇಳಿದಿರಿ. ಹೊಸ ಸರ್ಕ್ಯೂಟ್‌ಗೆ ವಿಶ್ವ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಐಎ ಹೇಳುವುದು ಅಗಲ 12 ಮೀಟರ್, ರೇಸ್ ಶುರುವಿಗೆ ಕಾರುಗಳು ನಿಲ್ಲುವ ಗ್ರಿಡ್ ಹತ್ತಿರ 15, ಸ್ಟ್ರೇಟ್ 2 ಕಿಮೀ ಮೀರಬಾರದು, ಎಫ್1ಗೆ ಒಟ್ಟು ಉದ್ದ 3.5 ಕಿಮೀಗಿಂತ ಕಡಿಮೆ ಇರಬಾರದು. ಆ ಅಂಕಿಗಳು ನಿಮಗೆ ಬೇಡ. ನಿಮಗೆ ಬೇಕಾದದ್ದು ಅವರ ಕ್ರಮ. ಪ್ರತಿ ಜಾಗದಲ್ಲೂ ಗಾಡಿ ಎಷ್ಟು ವೇಗದಲ್ಲಿದೆ, ಅಲ್ಲಿ ತಪ್ಪಿದರೆ ಯಾವ ಕಡೆ ಹೋಗುತ್ತದೆ, ಅಲ್ಲಿ ಏನು ಸಿಗುತ್ತದೆ, ಅದನ್ನು ನಕ್ಷೆಯ ಮೇಲೆ ಒಂದೊಂದೇ ಗೆರೆ ಎಳೆದು ನೋಡುತ್ತಾರೆ. ಕೆಲಸ ಶುರು ಮಾಡುವ ಮುಂಚೆಯೇ ಭಾರತದ ಮೋಟಾರ್ ಸ್ಪೋರ್ಟ್ ಒಕ್ಕೂಟ ಎಫ್‌ಎಂಎಸ್‌ಸಿಐಗೆ ಬರೆದು ಅವರ ಕಡೆಯಿಂದ ತಪಾಸಣೆ ಮಾಡಿಸಿ. ಕಟ್ಟಿ ಆದಮೇಲೆ ತೋರಿಸಿದರೆ ಒಡೆಯಬೇಕಾಗುತ್ತದೆ.

ಚಿಂಚವಾಡದ ಮಂಜು

ಉಲ್ಟಾ ಓಡಿಸುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಓದಿದ ತಕ್ಷಣ ಕಾಗದ ತೆಗೆದು ಬಿಡಿಸಿದೆ, ತಮ್ಮನಿಗೂ ತೋರಿಸಿದೆ. ಅವನು ಒಂದು ನಿಮಿಷ ನೋಡಿ, ಹಾಗಾದರೆ ನಾನು ಗುದ್ದುತ್ತಲೇ ಇರಲಿಲ್ಲ ಅಂದ.

ಸರ್, ಪಶ್ಚಿಮಕ್ಕೆ ಗಡಿ ಬೇಲಿಯ ತನಕ 30 ಮೀಟರ್ ಇದೆ, ಅದರ ಆಚೆ ಬೇರೆಯವರ ಈರುಳ್ಳಿ ಹೊಲ. ಆ 30 ಮೀಟರ್‌ನಲ್ಲಿ ಈಗ ಹುಲ್ಲು, ಮಧ್ಯೆ ಎರಡು ಬೇವಿನ ಮರ. ಮಣ್ಣು ಕರಿಯದೇ. ಡಾಂಬರು ಈಗಾಗಲೇ ಎರಡು ಕಡೆ ಅಲೆ ಬಿದ್ದಿದೆ, ನಾವು ಅದನ್ನು ಲಾರಿ ಓಡಾಡಿದ್ದಕ್ಕೆ ಅಂದುಕೊಂಡಿದ್ದೆವು.

ಡೊಂಬಿವಲಿ ಅಣ್ಣ, ಈಗ ಇಬ್ಬರೇ ಹುಡುಗರು ನಿಲ್ಲುತ್ತಾರೆ. ಇಬ್ಬರೂ ಪಿಟ್ ಹತ್ತಿರ. ಗೋಡೆಯ ಕಡೆ ಯಾರೂ ಇರುವುದಿಲ್ಲ. ಬರೆಯಲು ನಾಚಿಕೆ ಆಗುತ್ತದೆ.

ವಾಸ್ಕೋ ಸವಾರ

ಬೈಕ್ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತೇನೆ. ಗೋವಾದ ವಾಸ್ಕೋದಲ್ಲಿ ಇದ್ದೇನೆ, ಅಂಕೋಲೆಯವನು. ಹತ್ತು ವರ್ಷದಿಂದ ಬೈಕ್ ಓಡಿಸುತ್ತೇನೆ, ಟ್ರ್ಯಾಕ್ ತರಬೇತಿಯೂ ತೆಗೆದುಕೊಂಡಿದ್ದೇನೆ.

ಕಾರ್ಟ್‌ಗೆ ಒಳ್ಳೆಯದು ಬೈಕ್‌ಗೆ ಒಳ್ಳೆಯದಲ್ಲ. ಕಾರ್ಟ್ ತಪ್ಪಿದರೆ ಡ್ರೈವರ್ ಅದರ ಒಳಗೇ ಇರುತ್ತಾನೆ. ಬೈಕ್ ತಪ್ಪಿದರೆ ಸವಾರ ಒಂದು ಕಡೆ, ಬೈಕ್ ಒಂದು ಕಡೆ, ಎರಡೂ ಜಾರುತ್ತವೆ. ಜಾರುತ್ತಾ ಇರುವ ತನಕ ಸಾಮಾನ್ಯವಾಗಿ ಚರ್ಮ ಕಿತ್ತು ಹೋಗುತ್ತದೆ, ಅಷ್ಟೇ. ಏನಕ್ಕಾದರೂ ಬಡಿದಾಗಲೇ ಜೀವಕ್ಕೆ ಅಪಾಯ. ಬಿಗಿಯಾಗಿ ಬೋಲ್ಟ್ ಹಾಕಿದ ಟೈರ್ ಗೋಡೆ ಕಾರ್ಟ್‌ಗೆ ರಕ್ಷಣೆ, ಬರೀ ಮೈಯಲ್ಲಿ ಬಂದು ಬಡಿಯುವ ಮನುಷ್ಯನಿಗೆ ಅದು ಗೋಡೆಯೇ. ಗಾರ್ಡ್ ರೇಲ್ ಅಂತೂ ಅದರ ಕಂಬಗಳ ಕಾರಣಕ್ಕೆ ಇನ್ನೂ ಕೆಟ್ಟದ್ದು. ಅದಕ್ಕೇ ಬೈಕ್ ರೇಸ್‌ಗಳಲ್ಲಿ ಗಾಳಿ ತುಂಬಿದ ದಿಂಬಿನಂಥ ಏರ್ ಫೆನ್ಸ್ ಇಡುತ್ತಾರೆ.

2016ರ ಜೂನ್‌ನಲ್ಲಿ ಬಾರ್ಸಿಲೋನಾದಲ್ಲಿ ಮೋಟೋ2 ಬೈಕ್ ರೇಸ್‌ನ ಅಭ್ಯಾಸದ ವೇಳೆ ಲೂಯಿಸ್ ಸಲೋಮ್ ಬಿದ್ದರು. ತಿರುವಿನ ಹೊರಗೆ ಡಾಂಬರು ಇತ್ತು. ಡಾಂಬರಿನ ಮೇಲೆ ಕಾರಿಗೆ ಬ್ರೇಕ್ ಸಿಗುತ್ತದೆ, ಬಿದ್ದ ಬೈಕ್‌ಗೆ ಬ್ರೇಕ್ ಎಲ್ಲಿಂದ? ಬೈಕ್ ಮೊದಲು ಬ್ಯಾರಿಯರ್‌ಗೆ ಬಡಿಯಿತು, ಸಲೋಮ್ ಬಂದು ಆ ಬೈಕ್‌ಗೇ ಬಡಿದರು. ಮರುದಿನದಿಂದಲೇ ಎಫ್1ನವರು ಬಳಸುವ ನಿಧಾನದ ದಾರಿಗೆ ಬದಲಾಯಿಸಿದರು. ನಮ್ಮ ದೇಶದಲ್ಲೂ 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಚೆನ್ನೈ ಹತ್ತಿರ ರಾಷ್ಟ್ರೀಯ ಬೈಕ್ ರೇಸ್‌ನಲ್ಲಿ ಬಿದ್ದು ತೀರಿಕೊಂಡ. ಆ ಸುದ್ದಿ ಬಂದ ದಿನ ನಾನು ಬೈಕ್ ಮುಟ್ಟಲಿಲ್ಲ.

ಬೈಕ್‌ಗೆ ತಿರುವಿನ ಹೊರಗೆ ಗ್ರಾವೆಲ್, ಅಂದರೆ ಸಡಿಲ ಸಣ್ಣ ಕಲ್ಲು, ಬೇಕು, ಆದರೆ ಅದು ಕ್ರಷರ್ ಜಲ್ಲಿ ಅಲ್ಲ. ಮೂಲೆ ಇರುವ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನೆಲ ಆಗುತ್ತದೆ, ಮೈಯನ್ನೂ ಸೀಳುತ್ತದೆ. ಹೊಳೆಯ ಉರುಟು ಕಲ್ಲು ಬೇಕು, ಬಟಾಣಿಯಿಂದ ಗೋಲಿಯ ತನಕದ ಗಾತ್ರ, ಸುಮಾರು 25 ಸೆಂಟಿಮೀಟರ್ ಆಳ. ಮಳೆಗಾಲ ಆದಮೇಲೆ ಪ್ರತಿ ಸಲ ಅದನ್ನು ಕೆದಕಿ ಸಡಿಲ ಮಾಡಬೇಕು. ಇಲ್ಲದಿದ್ದರೆ ನಿಮ್ಮ ಕರಿ ಮಣ್ಣು ಮೇಲೆ ಬಂದು ಹುಲ್ಲು ಬೆಳೆದು ಅಂಗಳ ಆಗುತ್ತದೆ. ಗೋವಾದಲ್ಲಿ ನಮ್ಮ ಕೆಂಪು ಮಣ್ಣೂ ಹಾಗೇ ಮಾಡುತ್ತದೆ. ಕಾರುಗಳಿಗೆ ಗ್ರಾವೆಲ್ ಯಾವಾಗಲೂ ಒಳ್ಳೆಯದು ಅಂತಲೂ ಇಲ್ಲ. 2022ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಜೋ ಗ್ವಾನ್ಯು ಅವರ ಕಾರು ತಲೆಕೆಳಗಾಗಿ ಜಾರಿ, ಗ್ರಾವೆಲ್‌ನಲ್ಲಿ ಪಲ್ಟಿಯಾಗಿ, ಟೈರ್ ಗೋಡೆಯನ್ನೇ ಹಾರಿ ತಂತಿ ಬೇಲಿಗೆ ಬಿತ್ತು. ತಲೆ ಮೇಲಿನ ಹೇಲೋ ಅನ್ನುವ ಗಟ್ಟಿ ಚೌಕಟ್ಟು ಉಳಿಸಿತು.

ಕರ್ಬ್, ಅಂದರೆ ಟ್ರ್ಯಾಕ್ ಅಂಚಿನ ಕಟ್ಟೆ, ಹೇಗಿದೆ ನಿಮ್ಮಲ್ಲಿ? ಸಿಮೆಂಟಿನ ಎತ್ತರದ ಕರ್ಬ್ ಇದ್ದರೆ ಒಡೆದು ಹಾಕಿ. 2019ರಲ್ಲಿ ಮೋಂಜಾದಲ್ಲಿ ಅಲೆಕ್ಸ್ ಪೆರೋನಿಯ ಫಾರ್ಮುಲಾ 3 ಕಾರು ಅಂಥ ಒಂದು ಉಬ್ಬು ಕರ್ಬ್ ಮೇಲೆ ಹತ್ತಿ ಗಾಳಿಯಲ್ಲಿ ಉರುಳಿ ಬೇಲಿಗೆ ಹೋಗಿ ಬಿತ್ತು. ಯಾರೂ ಅಡ್ಡದಾರಿ ಹಿಡಿಯದಿರಲಿ ಅಂತ ಹಾಕಿದ್ದೇ ಹಾರಿಸುವ ಹಲಗೆ ಆಯಿತು.

ನನ್ನ ಮಾತು ಕೇಳುವುದಾದರೆ, ಕೆಲಸ ಮುಗಿಯುವ ತನಕ ಭಾನುವಾರದ ಬೈಕ್ ನಿಲ್ಲಿಸಿ. 7 ಮೀಟರ್ ಅಗಲದ ಟ್ರ್ಯಾಕ್‌ನಲ್ಲಿ, ಬಿಡಿ ಟೈರ್ ಇಟ್ಟುಕೊಂಡು, ಬೈಕ್ ಬಿಡುವುದು ಬೇಡ. ದುಡ್ಡು ಹೋಗುತ್ತದೆ, ಗೊತ್ತು.

ಠಾಣೆ ರೇಸ್‌ಪ್ರೇಮಿ

ಗ್ರಾವೆಲ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಆಸ್ಟ್ರಿಯಾದಲ್ಲಿ ತಿರುವಿನ ಹೊರಗೆಲ್ಲ ಡಾಂಬರು ಇದ್ದದ್ದಕ್ಕೆ 2023ರ ರೇಸ್‌ನಲ್ಲಿ ಎಫ್1 ಕಾರುಗಳು ಟ್ರ್ಯಾಕ್ ಅಂಚಿನ ಗೆರೆ ದಾಟಿದ ದೂರುಗಳು 1200 ಮೀರಿದವು. ಮುಂದಿನ ವರ್ಷ ಕೊನೆಯ ಎರಡು ತಿರುವುಗಳಲ್ಲಿ ಕರ್ಬ್ ಆಚೆಗೆ ಕಿರಿದಾದ ಗ್ರಾವೆಲ್ ಪಟ್ಟಿ ಹಾಕಿದರು, ಅದರ ಆಚೆ ಡಾಂಬರು ಹಾಗೇ ಇಟ್ಟರು. ದಾಟಿದವನ ಸಮಯ ತಾನಾಗಿಯೇ ಹೋಗುತ್ತದೆ. ಪೂರ್ತಿ ತಪ್ಪಿದವನಿಗೆ ಬ್ರೇಕ್ ಹಾಕಲು ಡಾಂಬರು ಇರುತ್ತದೆ. ದಕ್ಷಿಣದ 70 ಮೀಟರ್‌ಗೆ ಇದು ಹೊಂದಬಹುದಾ? ಎರೆಮಣ್ಣು ಸರ್ ಹೇಳಬೇಕು.

ಉಲ್ಟಾ ಸುತ್ತುವುದು ನನಗೂ ಇಷ್ಟವಾಯಿತು. ಇಳಿಜಾರಿನ ತಿರುವು ಏರಿನ ತಿರುವು ಆಗುತ್ತದೆ, ಹೊಸ ಟ್ರ್ಯಾಕ್ ಸಿಕ್ಕ ಹಾಗೆ.

ಎರೆಮಣ್ಣು

ಹೊಂದುತ್ತದೆ. ಮೊದಲ 40 ಮೀಟರ್ ಡಾಂಬರು, ಒರಟು ಮೇಲ್ಮೈಯದ್ದು. ಉಳಿದ 30 ಮೀಟರ್ ಹಾಗೇ ಬಿಡಿ, ಕೊನೆಗೆ ಬೆಲ್ಟ್ ಹೊದಿಸಿದ ಟೈರ್. ಹುಲ್ಲು ಮಾತ್ರ ಬೇಡ. ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಪಶ್ಚಿಮದ 30 ಮೀಟರ್‌ನಲ್ಲೂ ಹುಲ್ಲು ತೆಗೆಸಿ. ಒದ್ದೆಯಲ್ಲಿ 45ರಿಂದ ನಿಲ್ಲಲು 27 ಮೀಟರ್ ಬೇಕು, ಅಂದರೆ ಬೇಲಿಯ ಮುಂದೆ ಅಲ್ಲೂ ಎರಡು ಸಾಲು ಟೈರ್ ಬೇಕೇ ಬೇಕು.

ಬೇವಿನ ಮರಗಳ ವಿಷಯ ಕಷ್ಟ. ಕಡಿಯಿರಿ ಅನ್ನಲು ಮನಸ್ಸು ಬರುವುದಿಲ್ಲ. ಅವು ಗಾಡಿ ತಪ್ಪಿ ಹೋಗುವ ಗೆರೆಯ ಮೇಲೆ ಇವೆಯಾ, ಪಕ್ಕಕ್ಕೆ ಇವೆಯಾ, ಅಳೆದು ನೋಡದೆ ಹೇಳಲು ಆಗುವುದಿಲ್ಲ. ಗೆರೆಯ ಮೇಲೆ ಇದ್ದರೆ ತಿರುವಿನ ಜಾಗವನ್ನೇ ಕೆಲವು ಮೀಟರ್ ಪೂರ್ವಕ್ಕೆ ಎಳೆಯಬಹುದು, ಮರ ಉಳಿಯುತ್ತದೆ.

ಚಿಂಚವಾಡದ ಮಂಜು

ಇವತ್ತು ಗೆಳೆಯನ ಅಪ್ಪನ ಹತ್ತಿರ ಕೂತು ಎಲ್ಲ ಹೇಳಿದೆ. ಮೊದಲು ಅವರು ಸುಮ್ಮನಿದ್ದರು. ಹದಿನೈದು ದಿನದ ಕೆಲಸ ಈಗ ಮಳೆಗಾಲ ದಾಟಿ ದೀಪಾವಳಿ ತನಕ ಹೋಗುತ್ತದೆ, ಮಣ್ಣು ತೆಗೆದು ಮುರುಮ್ ತುಂಬುವ ಖರ್ಚು ಬೇರೆ. ನಾನು ಕಾಗದದ ಮೇಲೆ ಆ ಗೆರೆಗಳನ್ನು ಎಳೆದು ತೋರಿಸಿದೆ. ತಮ್ಮ ಎಲ್ಲಿ ಬ್ರೇಕ್ ಹಾಕಿದ, ಎಲ್ಲಿ ಗುದ್ದಿದ, ಎಲ್ಲಿಗೆ ಪುಟಿದ, ಆ ಹುಡುಗಿ ಎಲ್ಲಿದ್ದಳು. ಅವರು ಬಹಳ ಹೊತ್ತು ಅದನ್ನೇ ನೋಡಿ, ಟ್ರ್ಯಾಕ್ ನಾಳೆಯಿಂದ ಮುಚ್ಚೋಣ ಅಂದರು. ಬೈಕ್‌ನವರಿಗೆ ಫೋನ್ ಮಾಡಿ ಆಯಿತು. ಇಬ್ಬರು ಬೇಜಾರು ಮಾಡಿಕೊಂಡರು, ಉಳಿದವರು ಒಪ್ಪಿದರು.

ಶಿಕೇನ್ ಕಾಂಟ್ರಾಕ್ಟರ್‌ಗೆ ಬೇಡ ಅಂತ ಹೇಳಿದ್ದೇವೆ. ಎಫ್‌ಎಂಎಸ್‌ಸಿಐಗೆ ಪತ್ರ ನಾಳೆ ಹೋಗುತ್ತದೆ. ಕನ್ವೇಯರ್ ಬೆಲ್ಟ್ ನಮ್ಮ ಕಾರ್ಖಾನೆಯ ಪಕ್ಕದ ಗುಜರಿಯಲ್ಲೇ ಸಿಕ್ಕಿತು, ಸುಮಾರು 60 ಮೀಟರ್ ಇದೆ. ಕರ್ಬ್ ಸಿಮೆಂಟಿನದೇ, ಅರ್ಧ ಅಡಿ ಎತ್ತರ, ಒಡೆಸುತ್ತೇವೆ.

ಬರುವ ಭಾನುವಾರ ಬೆಳಗ್ಗೆ 7ಕ್ಕೆ ಟೇಪ್ ಹಿಡಿದು ಅಳೆಯಲು ಹೋಗುತ್ತಿದ್ದೇನೆ, ಮರಗಳ ಜಾಗವೂ ಸೇರಿ. ಎರೆಮಣ್ಣು ಸರ್, ಕೋಥ್ರುಡ್‌ನಿಂದ ಬರುವುದಾದರೆ ನಾನೇ ಕಾರು ತರುತ್ತೇನೆ.

ಎರೆಮಣ್ಣು

ಬರುತ್ತೇನೆ. 6ಕ್ಕೆ ಬನ್ನಿ, ಬಿಸಿಲು ಏರುವ ಮುಂಚೆ ಮುಗಿಸೋಣ. ಲೆವೆಲ್ ಉಪಕರಣ ನನ್ನ ಹತ್ತಿರ ಇದೆ. ನೀವು 50 ಮೀಟರ್ ಟೇಪ್, ಸುಣ್ಣದ ಪುಡಿ, ಹಾರೆ ತನ್ನಿ. ಮಣ್ಣನ್ನು ನಾಲ್ಕು ಕಡೆ ಅಗೆದು ನೋಡಬೇಕು.

ಡೊಂಬಿವಲಿ ಕುಂದಾಪ್ರದವ

ನಾನೂ ಬರಬಹುದಾ? ಡೊಂಬಿವಲಿಯಿಂದ ಬೆಳಗಿನ ಮೊದಲ ರೈಲಿಗೆ ಹೊರಟರೂ ತಳೇಗಾಂವ್‌ಗೆ ಬರುವಾಗ 9 ಆಗಬಹುದು. ಆ ಇಬ್ಬರು ಹುಡುಗರನ್ನು ಇರಲು ಹೇಳಿ, ಬಾವುಟ ನಾನು ತರುತ್ತೇನೆ.